ಎಂದೂ ಸೇದಿಲ್ಲ

ಭಾನುವಾರ, ಹನ್ನೆರಡನೇ ತಾರೀಖು
ಮಧ್ಯಾಹ್ನ ಎರಡೂವರೆ

ನನ್ನ ಮುದ್ದು ಯಾಕಮ್ಮ,

ಈ ಹೆಸರಿನಿಂದ ನಿನ್ನನ್ನು ಕರೆದು ಎಷ್ಟೋ ವರ್ಷವಾಯಿತು. ನಾಲ್ಕು ವರ್ಷದವಳಿದ್ದಾಗ ಯಾಕೆ, ಯಾಕೆ ಎಂದು ಮನೆಮಂದಿಯ ತಲೆ ತಿನ್ನುತ್ತಿದ್ದೆಯೆಂದು ಅಪ್ಪ ಇಟ್ಟ ಹೆಸರು. ಬೆಕ್ಕಿಗೆ ಯಾಕೆ ಮೀಸೆ, ಅಜ್ಜಿಗೆ ಯಾಕೆ ಹಲ್ಲಿಲ್ಲ, ಅಕ್ಕನಿಗೆ ಯಾಕೆ ದೊಡ್ಡ ತಟ್ಟೆ. ಉತ್ತರ ಸಿಗುವ ತನಕ ಬೆನ್ನು ಬಿಡುವವಳಲ್ಲ. ಬುಧವಾರ ಬಂದ ನಿನ್ನ ಪತ್ರದಲ್ಲೂ ಅದೇ ಪ್ರಶ್ನೆ ಇತ್ತು. ಫೋನಿನಲ್ಲಿ ಕೇಳಲಾಗದೆ ಬರೆದು ಕಳಿಸಿದ್ದೆ, ಏಕೆಂದರೆ ಕ್ಯಾನ್ಸರ್ ಆಸ್ಪತ್ರೆಯ ಎದುರಿನ ಆ ಒಂದೇ ಕೋಣೆಯಲ್ಲಿ ನಿನ್ನ ಯಜಮಾನರು ಹಗಲಿಡೀ ನಿನ್ನ ಪಕ್ಕದಲ್ಲೇ ಮಲಗಿರುತ್ತಾರೆ. ನಾನೂ ಅದಕ್ಕೇ ಬರೆಯುತ್ತಿದ್ದೇನೆ. ಅದೊಂದಕ್ಕೇ ಅಲ್ಲ. ಫೋನಿನಲ್ಲಿ ಹೇಳಿಬಿಡೋಣವೆಂದು ಮೂರು ಸಲ ಹೊರಟೆ. ನೀನು ಅಕ್ಕಾ ಎಂದ ಕೂಡಲೇ, ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ಮೊದಲು ಮಗಳ ಸುದ್ದಿ. ಚೆನ್ನಾಗಿದ್ದಾಳೆ. ನೀವಿಬ್ಬರೂ ಹೊರಟ ದಿನ ಮೋರೆ ಸಪ್ಪಗೆ ಮಾಡಿಕೊಂಡಿದ್ದವಳು ಎರಡನೇ ದಿನದಿಂದ ಈ ಮನೆಯ ಯಜಮಾನಿಯಾಗಿದ್ದಾಳೆ. ನನ್ನ ಪುಸ್ತಕಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದಾಳೆ, ಈಗ ನನಗೆ ಒಂದೂ ಸಿಗುತ್ತಿಲ್ಲ. ಭಿನ್ನರಾಶಿಯ ಲೆಕ್ಕ ನನಗೇ ಹೇಳಿಕೊಡುತ್ತಾಳೆ. ದೊಡ್ಡಮ್ಮ ಡಾಕ್ಟರ್ ಹೇಗಾದಳೋ ಎಂದು ಅವಳಿಗೆ ಅನುಮಾನ. ಕೂದಲು ಗಿಡ್ಡ ಮಾಡಿಸಬೇಕೆಂದು ಹಟ ಹಿಡಿದಳು, ನಿನ್ನನ್ನು ಕೇಳದೆ ಮಾಡಿಸಿಬಿಟ್ಟೆ. ಅದಕ್ಕೆ ಬೈಯಬೇಡ, ಬೈಯಲು ಇದಕ್ಕಿಂತ ದೊಡ್ಡ ಕಾರಣ ಮುಂದೆ ಇದೆ. ಈಗ ಮೇಲಿನ ಮನೆಯ ಗೆಳತಿಯ ಜೊತೆ ಚಿತ್ರ ಬಿಡಿಸಲು ಹೋಗಿದ್ದಾಳೆ. ಅವಳು ಬರುವುದರೊಳಗೆ ನಾನಿದನ್ನು ಮುಗಿಸಬೇಕು.

ನಿನ್ನ ಪತ್ರ ನನಗೆ ಬಾಯಿಪಾಠವಾಗಿದೆ. ಹನ್ನೊಂದು ವರ್ಷದಿಂದ ಬೀಡಿ ಸಿಗರೇಟು ಮುಟ್ಟದ ಮನುಷ್ಯನ ಎದೆಯಲ್ಲಿ ಈ ಗೆಡ್ಡೆ ಯಾಕೆ ಬಂತು ಎಂದು ಕೇಳಿದ್ದೀಯ. ಉತ್ತರವನ್ನೂ ನೀನೇ ಹುಡುಕಿಕೊಂಡಿದ್ದೀಯ. ಗಾಡಿಗಳಿಗೆ ಬಣ್ಣ ಹೊಡೆಯುವ ಶೆಡ್ಡಿನ ಮೇಲಿನ ಮನೆಯನ್ನು, ಪಾಠ ಹೇಳುವ ಶಾಲೆಗೆ ಹತ್ತಿರವೆಂದು ನೀನೇ ಆರಿಸಿದ್ದು. ಅವರು ಬೇಡವೆಂದರೂ ಕೇಳದೆ ಒಂಬತ್ತು ವರ್ಷ ಆ ಬಣ್ಣದ ಗಾಳಿ ಕುಡಿಸಿದ್ದು. ಹಾಗಾಗಿ ಗಂಡನಿಗೆ ಕಾಯಿಲೆ ತಂದವಳು ನೀನೇ ಎಂದು. ಇದನ್ನು ಅವರ ಮುಂದೆ ಹೇಳಿದಾಗಲೆಲ್ಲ ಅವರು ಗೋಡೆಯ ಕಡೆ ತಿರುಗಿಕೊಳ್ಳುತ್ತಾರೆ, ಒಳಗೊಳಗೇ ನಿನ್ನನ್ನು ದೂರುತ್ತಿರಬೇಕು ಎಂದೂ ಬರೆದಿದ್ದೀಯ.

ಬಣ್ಣದ ಶೆಡ್ಡಲ್ಲ, ಮರಿ. ನೀನಲ್ಲ. ಅವರು ಸಿಗರೇಟು ಸೇದುತ್ತಿದ್ದರು. ನೀನು ಬಿಡಿಸಿದ ಮೇಲೆ ಮೂರು ವರ್ಷ ಬಿಟ್ಟಿದ್ದರು, ಆಮೇಲೆ ಎಂಟು ವರ್ಷ ದಿನಾ ಸೇದಿದರು. ಅದನ್ನು ಮತ್ತೆ ಶುರುಮಾಡಿಸಿದವಳು ನಾನು.

ಬರೆದಾಯಿತು. ಈ ನಾಲ್ಕು ಸಾಲು ಬರೆಯುವ ಬದಲು ಬೆಳಗ್ಗೆಯಿಂದ ಮನೆಯ ಕಿಟಕಿಗಳನ್ನೆಲ್ಲ ಒರೆಸಿದ್ದೇನೆ. ಇನ್ನು ಮೊದಲಿನಿಂದ ಹೇಳುತ್ತೇನೆ. ಓದಿದ ಮೇಲೆ ಹರಿದು ಹಾಕಿದರೂ ಸರಿ, ಆದರೆ ಪೂರ್ತಿ ಓದು.

ನಿನಗೆ ಐದನೇ ತಿಂಗಳು ತುಂಬಿದ್ದಾಗ ನಾನೂ ನಿನ್ನ ಯಜಮಾನರೂ ನಿಮ್ಮ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಕಳ್ಳರ ಹಾಗೆ ನಿಂತು ಸೇದುತ್ತಿದ್ದೆವು. ನೀನು ಒಂದು ಬಕೆಟ್ ನೀರು ತಂದು ನಮ್ಮ ನಡುವೆ ಇಟ್ಟೆ. ಬೈಯಲಿಲ್ಲ, ಅಳಲಿಲ್ಲ. ಮಗುವಿಗೆ ಅಪ್ಪನೂ ಬೇಕು ದೊಡ್ಡಮ್ಮನೂ ಬೇಕು, ಜೇಬಿನಲ್ಲಿರುವುದನ್ನು ಇದರೊಳಗೆ ಹಾಕಿ ಎಂದೆ. ಹಾಕಿದೆವು. ನಾನು ಎದೆಯ ಡಾಕ್ಟರ್, ದಿನಕ್ಕೆ ಇಪ್ಪತ್ತು ರೋಗಿಗಳಿಗೆ ಸಿಗರೇಟು ಬಿಡಿ ಎನ್ನುವವಳು. ಅವತ್ತು ನೀರಲ್ಲಿ ತೇಲುತ್ತಿದ್ದ ಆ ಪ್ಯಾಕೆಟ್ಟುಗಳನ್ನು ನೋಡಿ ಆದಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ನಿಜವಾಗಿಯೂ ಬಿಡಬೇಕೆಂದೇ ಬಿಟ್ಟೆ. ಅವರು ಮೂರು ವರ್ಷ ಮಾತು ಉಳಿಸಿಕೊಂಡರು. ನಾನು ನಾಲ್ಕು ತಿಂಗಳು. ನಿನ್ನ ಮಗುವಿನ ನಾಮಕರಣಕ್ಕೆ ಬಂದಾಗ ನನ್ನ ಬಾಯಲ್ಲಿ ಎರಡು ಪೆಪ್ಪರ್‌ಮಿಂಟ್ ಇದ್ದವು. ನೀನು ಮಗುವನ್ನು ನನ್ನ ಕೈಗೆ ಕೊಡುತ್ತಾ, ನಮ್ಮಕ್ಕ ಹಿಡಿದ ಹಟ ಸಾಧಿಸಿದಳು ನೋಡಿ ಎಂದು ಎಲ್ಲರ ಮುಂದೆ ಹೊಗಳಿದೆ. ನಾನು ಹಲ್ಲು ಕಿರಿದೆ.

ನಮ್ಮ ಆಸ್ಪತ್ರೆಯ ಹಿಂದಿನ ಮೆಟ್ಟಿಲು ನಿನಗೆ ಗೊತ್ತಿಲ್ಲ, ರೋಗಿಗಳಿಗೂ ಗೊತ್ತಿಲ್ಲ. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ, ಮೆಟ್ಟಿಲು ತಿರುಗುವಲ್ಲಿ ಒಂದು ಕಿಟಕಿಯಿದೆ. ಕಿಟಕಿಯ ಕಟ್ಟೆಯ ಮೇಲೆ ಮೂತ್ರ ಪರೀಕ್ಷೆಯ ಹಳೆಯ ಡಬ್ಬಿಗಳು, ಅವುಗಳ ತುಂಬ ಬೂದಿ. ಗೋಡೆಯ ಮೇಲೆ ಧೂಮಪಾನ ನಿಷೇಧದ ಫಲಕ, ಫಲಕದ ಅಡಿಯಲ್ಲಿ ನನ್ನದೇ ವಿಭಾಗದ ಹೆಸರು. ಅಲ್ಲಿ ಚಿಕ್ಕವರು ದೊಡ್ಡವರು ಎಂಬುದಿಲ್ಲ. ನಮ್ಮ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತೇವೆ. ಅವರು ನಿನ್ನೆ ಮೊನ್ನೆ ಸೇರಿದವರ ಹತ್ತಿರವೂ ಬೆಂಕಿ ಕೇಳುತ್ತಾರೆ. ಯಾರಿಗೆ ಆಪರೇಷನ್, ಯಾರಿಗೆ ಬೇಡ, ಯಾರ ಮನೆಯವರಿಗೆ ಕೈಚೆಲ್ಲಿ ಹೇಳಿಬಿಡಬೇಕು, ಎಲ್ಲ ತೀರ್ಮಾನವೂ ಅಲ್ಲೇ. ಕೆಳಗೆ ಬಂದು ಬರೆಯುವುದಷ್ಟೇ ಬಾಕಿ. ನಾನು ಕೆಲಸಕ್ಕೆ ಸೇರಿದಾಗ ಸೇದುತ್ತಿರಲಿಲ್ಲ. ನನ್ನ ರೋಗಿಗಳ ವಿಷಯ ಎಲ್ಲರಿಗಿಂತ ಕೊನೆಗೆ ನನಗೆ ತಿಳಿಯುತ್ತಿತ್ತು. ಆರು ತಿಂಗಳು ಕಾದು ನೋಡಿ ನಾನೂ ಆ ಮೆಟ್ಟಿಲು ಹತ್ತಿದೆ. ತಪ್ಪು ಮಾಡುತ್ತಿದ್ದೇನೆ ಎನ್ನಿಸಲಿಲ್ಲ, ಬಡ್ತಿ ಸಿಕ್ಕಿತು ಎನ್ನಿಸಿತು.

ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ನೆಪ. ಅರಿವಳಿಕೆಯ ಡಾಕ್ಟರು ತಾವು ಹೊಗೆಯನ್ನು ಒಳಗೆ ಎಳೆಯುವುದೇ ಇಲ್ಲ ಎಂದು ಹದಿನೈದು ವರ್ಷದಿಂದ ಹೇಳುತ್ತಿದ್ದಾರೆ. ಮೂಳೆ ಡಾಕ್ಟರ ಅಜ್ಜ ತೊಂಬತ್ತೊಂದರ ತನಕ ಸೇದಿದರಂತೆ. ಆ ಅಜ್ಜನ ವಯಸ್ಸು ಪ್ರತಿ ವರ್ಷ ಒಂದೊಂದು ಹೆಚ್ಚುತ್ತಿದೆ. ಮಕ್ಕಳ ಡಾಕ್ಟರಮ್ಮ ಬೆರಳಿಗೆ ವಾಸನೆ ಹತ್ತಬಾರದೆಂದು ರಕ್ತನಾಳ ಹಿಡಿಯುವ ಇಕ್ಕಳದಲ್ಲಿ ಸಿಗರೇಟು ಕಚ್ಚಿಸಿ ಸೇದುತ್ತಾಳೆ. ನನ್ನ ನೆಪ ಎಲ್ಲಕ್ಕಿಂತ ಜಂಬದ್ದು. ಶ್ವಾಸಕೋಶವನ್ನು ಒಳಹೊರಗೆ ಬಲ್ಲವಳು ನಾನು, ಯಾವಾಗ ನಿಲ್ಲಿಸಬೇಕೆಂದು ನನಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ನಿನ್ನ ಯಜಮಾನರು ನಮ್ಮಲ್ಲಿಗೆ ಲಿಫ್ಟ್ ನೋಡಲು ವಾರಕ್ಕೊಮ್ಮೆ ಬರುತ್ತಿದ್ದುದು ನಿನಗೆ ಗೊತ್ತೇ ಇದೆ. ಮೋಟಾರಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳುತ್ತಾರಲ್ಲ, ಅದನ್ನು ನೋಡಿ ನಮ್ಮವರೆಲ್ಲ ಅವರಿಗೆ ಲಿಫ್ಟ್ ಡಾಕ್ಟರ್ ಎಂದೇ ಹೆಸರಿಟ್ಟಿದ್ದರು. ಎಂಟು ವರ್ಷದ ಹಿಂದೆ ಒಂದು ಬೆಳಗ್ಗೆ ದೊಡ್ಡ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಹೋಯಿತು. ಒಳಗೆ ಸ್ಟ್ರೆಚರಿನಲ್ಲಿ ಒಬ್ಬ ಹೆಂಗಸು, ಜೊತೆಗೆ ಒಬ್ಬ ನರ್ಸ್. ನಿನ್ನ ಯಜಮಾನರು ಐವತ್ತು ನಿಮಿಷ ಒದ್ದಾಡಿ ಕೈಯಿಂದಲೇ ಅದನ್ನು ಇಳಿಸಿದರು. ಹೆಂಗಸು ಬದುಕಿಕೊಂಡಳು. ಆಮೇಲೆ ಮೈಯೆಲ್ಲ ಗ್ರೀಸಾಗಿ ಆ ಮೆಟ್ಟಿಲ ತಿರುವಿಗೆ ಬಂದು ಕೂತರು. ಅಲ್ಲಿ ನಾವು ಐದಾರು ಡಾಕ್ಟರುಗಳಿದ್ದೆವು. ನನ್ನ ಕೈಯಲ್ಲಿ ಸಿಗರೇಟು ನೋಡಿ ಅವರು ಬೆಚ್ಚಿಬಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಿನಗೆ ಹೇಳಿಬಿಡುತ್ತಾರೇನೋ ಎಂದುಕೊಂಡೆ. ಪ್ಯಾಕೆಟ್ ಅವರ ಮುಂದೆ ಚಾಚಿದೆ. ಬಿಟ್ಟಿದ್ದೀನಲ್ಲ ಅತ್ತಿಗೆ ಎಂದರು.

"ಒಂದಕ್ಕೇನೂ ಆಗಲ್ಲ," ಎಂದೆ. "ನಾನು ಹೇಳ್ತಾ ಇದ್ದೀನಲ್ಲ."

ಕರುಣೆಯಿಂದ ಕೊಟ್ಟೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಕರುಣೆ ಸ್ವಲ್ಪ ಇತ್ತು. ಹೆಚ್ಚಿಗೆ ಇದ್ದದ್ದು ಹೆದರಿಕೆ. ಅವರೂ ಒಂದು ಸೇದಿಬಿಟ್ಟರೆ ನನ್ನ ಗುಟ್ಟು ಭದ್ರ ಎನ್ನುವ ಲೆಕ್ಕಾಚಾರ ಆ ಗಳಿಗೆಯಲ್ಲೇ ನನ್ನ ತಲೆಯಲ್ಲಿ ನಡೆದಿತ್ತು. ಅವರು ತೆಗೆದುಕೊಂಡರು. ಅಷ್ಟು ಜನ ಡಾಕ್ಟರುಗಳೇ ಸೇದುತ್ತಿರುವಾಗ ಅಂಥ ಅಪಾಯವೇನೂ ಇರಲಿಕ್ಕಿಲ್ಲ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಮುಂದಿನ ವಾರ ಅವರೇ ಬಂದರು. ಆಮೇಲೆ ಬೇರೆ ಕಟ್ಟಡಗಳಲ್ಲೂ ಶುರುವಾಯಿತು. ಮುಚ್ಚಿಡುವ ವಿದ್ಯೆಯನ್ನೂ ನಾವೇ ಕಲಿಸಿದೆವು. ಇಕ್ಕಳದ ಬದಲು ಅವರದು ಪ್ಲೈಯರ್, ಪೆಪ್ಪರ್‌ಮಿಂಟ್ ನನ್ನದೇ ಡಬ್ಬಿಯಿಂದ. ಗ್ರೀಸು ಮತ್ತು ಸೀಮೆಎಣ್ಣೆಯ ವಾಸನೆ ನಿನ್ನ ಮೂಗನ್ನು ಹೇಗೂ ಮೋಸ ಮಾಡುತ್ತಿತ್ತು. ನಿನ್ನನ್ನು ನಾವಿಬ್ಬರೂ ಸೇರಿ ಎಷ್ಟು ಚೆನ್ನಾಗಿ ಮರುಳು ಮಾಡಿದೆವು.

ಎರಡು ವರ್ಷದ ಹಿಂದೆ ನಡೆದ ಇನ್ನೊಂದು ವಿಷಯ ಹೇಳಬೇಕು, ಕೇಳಿದರೆ ನಗು ಬರುತ್ತದೆ. ಡಾಕ್ಟರುಗಳಲ್ಲಿ ಎಷ್ಟು ಜನ ಸೇದುತ್ತಾರೆ ಎಂದು ತಿಳಿಯಲು ವೈದ್ಯರ ಸಂಘದವರು ಒಂದು ಪ್ರಶ್ನಾವಳಿ ಕಳಿಸಿದರು. ಹೆಸರು ಬರೆಯಬೇಕಿಲ್ಲ, ಗುರುತು ಹಾಕಿ ಪೆಟ್ಟಿಗೆಗೆ ಹಾಕಿದರೆ ಸಾಕು. ಎದೆಯ ವಿಭಾಗದವಳೆಂದು ಅದನ್ನು ಕೂಡಿಸಿ ವರದಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಎಪ್ಪತ್ತೆರಡು ಜನ ತುಂಬಿದ್ದರು. ಈಗ ಸೇದುತ್ತೇನೆ ಎಂದವರು ನಾಲ್ಕು. ಮೆಟ್ಟಿಲ ತಿರುವಿನಲ್ಲಿ ನಾನೇ ಕಣ್ಣಾರೆ ಕಂಡವರು ಹನ್ನೊಂದು ಜನ, ಅವರಲ್ಲಿ ನಾನೂ ಒಬ್ಬಳು. ಯಾರೂ ನೋಡದ ಕಾಗದದ ಮೇಲೆ, ಯಾರೂ ಕೇಳದಿದ್ದರೂ, ನಾನು ಎಂದೂ ಸೇದಿಲ್ಲ ಎನ್ನುವ ಚೌಕಕ್ಕೆ ಗುರುತು ಹಾಕಿದ್ದೆ. ಬಿಟ್ಟಿದ್ದೇನೆ ಎನ್ನುವ ಚೌಕವೂ ಪಕ್ಕದಲ್ಲೇ ಇತ್ತು, ಅದೂ ಬೇಡವಾಯಿತು. ಆಮೇಲೆ ಸಭೆಯಲ್ಲಿ ನಿಂತು, ನಮ್ಮ ವೈದ್ಯರು ರೋಗಿಗಳಿಗೆ ಮಾದರಿಯಾಗಿದ್ದಾರೆ ಎಂದು ವರದಿ ಓದಿದೆ. ಜನ ಚಪ್ಪಾಳೆ ತಟ್ಟಿದರು. ಸಭೆ ಮುಗಿದದ್ದೇ ತಡ ಹನ್ನೊಂದು ಜನವೂ ಮೆಟ್ಟಿಲು ಹತ್ತಿದೆವು. ಆ ಕಾಗದದ ಮೇಲೆ ಕೈ ಪಳಗಿದ್ದರಿಂದಲೇ ಮುಂದಿನದು ಅಷ್ಟು ಸಲೀಸಾಯಿತೋ ಏನೋ.

ಹೋದ ವರ್ಷ ಅವರಿಗೆ ಕೆಮ್ಮು ಹತ್ತಿತಲ್ಲ. ನೀನು ಡಾಕ್ಟರಕ್ಕನ ಹತ್ತಿರ ಹೋಗಿ ಬನ್ನಿ ಎಂದು ಅಟ್ಟಿದ್ದೆ. ಅವರು ಬಂದರು, ಮೆಟ್ಟಿಲ ತಿರುವಿಗೆ. ಅಲ್ಲೇ ಅಂಗಿ ಎತ್ತಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟೆ, ಸಿರಪ್ ಬರೆದೆ. ಎರಡು ತಿಂಗಳು ಕಳೆದರೂ ಹೋಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಎರಡನೇ ವಾರಕ್ಕೇ ಎಕ್ಸ್‌ರೇಗೆ ಕಳಿಸುತ್ತಿದ್ದೆ. ಕೊನೆಗೂ ಕಳಿಸಿದೆ. ನಮ್ಮಲ್ಲಿ ಎಕ್ಸ್‌ರೇಗೆ ಹೋಗುವ ಚೀಟಿಯಲ್ಲಿ ಮೂರೇ ಸಾಲು: ಹೆಸರು ವಯಸ್ಸು ಒಂದು, ತೊಂದರೆ ಏನೆಂಬುದು ಒಂದು, ಅಭ್ಯಾಸಗಳು ಒಂದು. ಫಿಲ್ಮ್ ಓದುವ ಡಾಕ್ಟರು ರೋಗಿಯ ಮುಖ ನೋಡುವುದಿಲ್ಲ. ಕತ್ತಲ ಕೋಣೆಯಲ್ಲಿ ಕೂತು ಆ ಮೂರು ಸಾಲು ಓದಿ ನೆರಳು ನೋಡುತ್ತಾರೆ. ನಾನು ಚೀಟಿ ತುಂಬುತ್ತಾ ಮೂರನೇ ಸಾಲಿಗೆ ಬಂದಾಗ ನಿನ್ನ ಯಜಮಾನರು ನನ್ನ ಕೈ ಹಿಡಿದುಕೊಂಡರು. "ಅತ್ತಿಗೆ, ಅದೊಂದು ಬರೀಬೇಡಿ. ಫೈಲೆಲ್ಲ ಅವಳೇ ಜೋಡಿಸಿಡೋದು," ಎಂದು ಬೇಡಿಕೊಂಡರು. ಅವರ ಮುಖ ನೋಡಿ ನನಗೆ ಇಲ್ಲವೆನ್ನಲಾಗಲಿಲ್ಲ. ಬಿಟ್ಟಿದ್ದಾರೆ ಎಂದಾದರೂ ಬರೆಯದೆ, ಎಂದೂ ಸೇದಿಲ್ಲ ಎಂದು ಬರೆದೆ. ಅವರನ್ನು ಪಾಲಿಗೆ ಎಳೆಯಲು ಇದನ್ನು ಹೇಳುತ್ತಿಲ್ಲ. ಬರೆದ ಕೈ ನನ್ನದೇ.

ಮಾರನೇ ದಿನ ಫಿಲ್ಮ್ ಓದುವವರು ನನ್ನನ್ನು ಕರೆದರು. ಬಲಗಡೆ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟು ನೆರಳಿತ್ತು. ಹಳೆಯ ಸೋಂಕು ವಾಸಿಯಾಗಿ ಉಳಿದ ಕಲೆಯಿರಬೇಕು, ಆರು ತಿಂಗಳಾದ ಮೇಲೆ ಇನ್ನೊಂದು ತೆಗೆದು ಹೋಲಿಸೋಣ ಎಂದರು. ಆಮೇಲೆ ಫಿಲ್ಮನ್ನು ಬೆಳಕಿನಿಂದ ಕೆಳಗಿಳಿಸುತ್ತಾ ಒಂದು ಮಾತು ಸೇರಿಸಿದರು.

"ಸೇದೋ ಮನುಷ್ಯ ಆಗಿದ್ರೆ ಇದನ್ನ ಒಂದು ದಿನಾನೂ ಬಿಡ್ತಿರಲಿಲ್ಲ."

ನಾನು ಹೌದು ಎಂದು ತಲೆಯಾಡಿಸಿದೆ. ಕೇಳಿಸಿಕೊ, ಹೌದು ಎಂದು ತಲೆಯಾಡಿಸಿದೆ. ಇಪ್ಪತ್ತಾರು ವರ್ಷದಿಂದ ಎದೆಯ ಫಿಲ್ಮ್ ನೋಡುವವಳು ನಾನು. ಆ ನೆರಳಿನ ಅಂಚು ನನಗೆ ಹಿಡಿಸಿರಲಿಲ್ಲ. ಅಲ್ಲೇ ಬಾಯಿ ಬಿಟ್ಟು, ಆ ಸಾಲು ತಪ್ಪು, ಸ್ಕ್ಯಾನ್ ಮಾಡಿ, ಸೂಜಿ ಹಾಕಿ ತುಣುಕು ತೆಗೆಯಿರಿ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಅವರು ಹಳೆಯ ಕಲೆ ಎಂದರಲ್ಲ, ಇರಬಹುದು, ಇರಲಿ ಎಂದು ನಾನು ಆ ಮಾತಿಗೆ ಜೋತುಬಿದ್ದೆ. ಹೊರಗೆ ಬಂದವಳು ಸೀದಾ ಹಿಂದಿನ ಮೆಟ್ಟಿಲಿಗೆ ಹೋಗಿ ಎರಡು ಸೇದಿದೆ. ನಿನಗೆ ಫೋನ್ ಮಾಡಿ, ಏನೂ ಇಲ್ಲ, ಹಳೆಯ ಕಲೆ ಎಂದೆ. ಅವತ್ತು ನೀನು ಎಷ್ಟು ನಿರಾಳವಾಗಿ ನಕ್ಕೆ.

ಆರು ತಿಂಗಳಿಗೆ ಆ ಕಡಲೆಕಾಳು ನಿಂಬೆಹಣ್ಣಿನಷ್ಟಾಗಿತ್ತು, ಎದೆಯ ನಡುವಿನ ಗಂಟುಗಳಿಗೂ ಇಳಿದಿತ್ತು. ಇನ್ನು ಆಪರೇಷನ್ ಸಾಧ್ಯವಿಲ್ಲ ಎಂದರು. ಆ ಮಾತನ್ನು ನಿನಗೆ ಹೇಳಿದವಳೂ ನಾನೇ. ಮೊದಲೇ ತೆಗೆದಿದ್ದರೆ ಖಂಡಿತ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ, ಯಾರೂ ಹೇಳಲಾರರು. ಆದರೆ ಕಡಲೆಕಾಳಿನಷ್ಟಿದ್ದಾಗ ಕತ್ತರಿಸಿ ತೆಗೆಯಲು ಬರುತ್ತಿತ್ತು, ಬದುಕುವ ಅವಕಾಶ ಚೆನ್ನಾಗಿತ್ತು. ಆ ಅವಕಾಶ ನನ್ನ ಒಂದು ಸಾಲಿನಲ್ಲಿ ಹೋಯಿತು.

ಆ ಸಾಲು ಇನ್ನೂ ಕೆಲಸ ಮಾಡುತ್ತಿತ್ತು ಎನ್ನುವುದು ನಿನ್ನ ಪತ್ರದಿಂದಲೇ ನನಗೆ ತಿಳಿದದ್ದು. ಇಲ್ಲಿಂದ ಕಳಿಸಿದ ಫೈಲಿನ ಮೊದಲ ಪುಟದಲ್ಲೂ ಅದನ್ನೇ ನಕಲು ಮಾಡಿದ್ದೆ. ಒಮ್ಮೆ ಬರೆದದ್ದನ್ನು ತಿದ್ದಿದರೆ ಯಾಕೆಂದು ಕೇಳುತ್ತಾರೆ. ಸೇದದವರಿಗೆ ಬರುವ ಬಗೆಯಿರಬಹುದು, ಅದಾದರೆ ಬರೀ ಗುಳಿಗೆಯಲ್ಲೇ ಹಿಡಿತಕ್ಕೆ ಬರುತ್ತದೆ, ಪರೀಕ್ಷೆಯ ಉತ್ತರ ಬರುವ ತನಕ ಕಾಯೋಣ ಎಂದು ಅಲ್ಲಿಯ ಡಾಕ್ಟರು ಹೇಳಿದರೆಂದು ನೀನು ಆಸೆಯಿಂದ ಬರೆದಿದ್ದೆ. ಸೇದುವವರಲ್ಲಿ ಆ ಬಗೆ ಅಪರೂಪ, ಕಾದ ದಿನವೆಲ್ಲ ನಷ್ಟ. ನಿನ್ನೆ ಬೆಳಗ್ಗೆ ಆ ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಷ್ಟು ವರ್ಷ, ದಿನಕ್ಕೆ ಎಷ್ಟು, ಎಲ್ಲ ಬರೆದುಕೊಂಡರು. ಆಮೇಲೆ, ನೀವು ಎದೆಯ ಡಾಕ್ಟರಲ್ಲವೇ ಎಂದು ಕೇಳಿದರು. ಹೌದು ಎಂದೆ. ಪರೀಕ್ಷೆ ಹೇಗೂ ಮಾಡಿಸುತ್ತಾರೆ, ಆದರೆ ಅದಕ್ಕಾಗಿ ಕಾಯುವುದಿಲ್ಲ; ಗುರುವಾರದಿಂದಲೇ ರಕ್ತನಾಳದ ಮೂಲಕ ಔಷಧಿ ಶುರುಮಾಡುತ್ತಾರೆ. ಬುಧವಾರ ನಿನ್ನನ್ನು ಕರೆದು ಹೇಳುತ್ತಾರೆ. ಅವರ ಬಾಯಿಂದ ಕೇಳುವ ಮೊದಲು ನನ್ನಿಂದ ತಿಳಿಯಲಿ ಎಂದು ನಾಳೆ ಬೆಳಗಿನ ಕೊರಿಯರಿಗೆ ಇದನ್ನು ಕೊಡುತ್ತೇನೆ.

ದೊಡ್ಡ ಡಾಕ್ಟರಿಗೂ ಶುಕ್ರವಾರ ಹೇಳಿದೆ, ಅದೇ ಮೆಟ್ಟಿಲ ತಿರುವಿನಲ್ಲಿ. ಅವರು ಬೂದಿ ಕೊಡವಿ, ಯಾರೂ ಕೇಳದಿರುವಾಗ ನೀವಾಗಿ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದರು. ಮನೆಯವರ ವಿಷಯದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ, ಒಂದು ಸಾಲಿಗೋಸ್ಕರ ಇಷ್ಟು ರಾದ್ಧಾಂತವೇ ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದರು, ಅದೇ ನನಗೆ ಭಯವಾದದ್ದು. ಕೆಳಗೆ ಹೋಗಿ ನಡೆದದ್ದನ್ನೆಲ್ಲ ಬರೆದು ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡೆ. ವಿಚಾರಣೆ ಮುಗಿಯುವ ತನಕ ರೋಗಿಗಳನ್ನು ನೋಡುವುದಿಲ್ಲ ಎಂದೂ ಬರೆದಿದ್ದೇನೆ. ಅದರ ಪ್ರತಿ ಇದರ ಜೊತೆ ಇದೆ. ನಿನಗೆ ಹೇಗೆ ಬೇಕೋ ಹಾಗೆ ಬಳಸು.

ಪತ್ರ ಬಂದ ದಿನವೇ ಇಷ್ಟೆಲ್ಲ ಧೈರ್ಯ ಬಂದುಬಿಟ್ಟಿತು ಎಂದುಕೊಳ್ಳಬೇಡ. ಅದನ್ನು ಓದಿ ಮಡಿಸಿ ಮೇಜಿನ ಡ್ರಾಯರಿಗೆ ಹಾಕಿದ್ದೆ. ಮರುದಿನ ಸಂಜೆ ಆಸ್ಪತ್ರೆಯಿಂದ ಬಂದು ಕೋಟನ್ನು ಬಾಗಿಲ ಹಿಂದೆ ನೇತುಹಾಕಿ ಮುಖ ತೊಳೆಯಲು ಹೋದೆ. ಬಂದು ನೋಡಿದರೆ ನಿನ್ನ ಮಗಳು ಆ ಕೋಟಿನೊಳಗೆ ಮುಖ ಹುದುಗಿಸಿ ನಿಂತಿದ್ದಾಳೆ. ಏನು ಮಾಡುತ್ತಿದ್ದೀಯೆ ಎಂದೆ.

"ದೊಡ್ಡಮ್ಮ, ನಿನ್ನ ಕೋಟಲ್ಲಿ ಅಪ್ಪನ ವಾಸನೆ ಬರುತ್ತೆ," ಎಂದಳು.

ನೀನು ಇಷ್ಟು ವರ್ಷ ಗುರುತಿಸದೆ ಹೋದದ್ದನ್ನು ಅವಳು ಬುದ್ಧಿ ಬಂದಾಗಿನಿಂದ ಅಪ್ಪ ಎಂದೇ ತಿಳಿದಿದ್ದಾಳೆ. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಆಮೇಲೆ ಹೊರಗೆ ಬಂದು ಡ್ರಾಯರಿನಿಂದ ನಿನ್ನ ಪತ್ರ ತೆಗೆದೆ.

ಈಗ ಬಿಟ್ಟಿದ್ದೀಯಾ ಎಂದು ಕೇಳುತ್ತೀಯ. ಇಲ್ಲ. ನಿನ್ನೆ ಆರು, ಇವತ್ತು ಇಲ್ಲಿಯ ತನಕ ಎರಡು. ಮನೆಯಲ್ಲಿ ಸೇದಿಲ್ಲ, ಕೆಳಗೆ ರಸ್ತೆಗೆ ಹೋಗಿ ಸೇದಿದೆ. ಬಿಟ್ಟೆ ಎಂದು ಇನ್ನೊಮ್ಮೆ ನಿನಗೆ ಹೇಳಲು ನನಗೆ ಬಾಯಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಆ ಬಣ್ಣದ ಶೆಡ್ಡನ್ನು ದೂರುವುದನ್ನು ಬಿಡು, ಎಲ್ಲಕ್ಕಿಂತ ನಿನ್ನನ್ನು ನೀನು ತಿನ್ನುವುದನ್ನು ಬಿಡು, ಇಷ್ಟೇ ನನಗೆ ಬೇಕಾಗಿರುವುದು. ನಿನ್ನ ಯಜಮಾನರ ಮೇಲೆ ಕೋಪ ಬರುತ್ತದೆ, ಬರಲಿ. ಗುರುವಾರದೊಳಗೆ ಮುಗಿಸಿಬಿಡು, ಔಷಧಿ ಶುರುವಾದ ಮೇಲೆ ಅವರಿಗೆ ನಿನ್ನ ಕೈ ಬೇಕಾಗುತ್ತದೆ. ಮಗಳನ್ನು ನನ್ನ ಹತ್ತಿರ ಬಿಡಲು ಮನಸ್ಸಿಲ್ಲದಿದ್ದರೆ ಒಂದು ಮಾತು ಹೇಳು, ನಾನೇ ಕರೆತಂದು ಬಾಗಿಲಲ್ಲಿ ಬಿಟ್ಟು ಹಿಂದಿರುಗುತ್ತೇನೆ, ಒಳಗೆ ಬರುವುದಿಲ್ಲ. ನೀನು ಬಾ ಎಂದರೆ ಬರುತ್ತೇನೆ. ಈ ಕೊನೆಯ ಮಾತನ್ನು ಹೊಡೆದುಹಾಕಬೇಕೆಂದುಕೊಂಡೆ, ಆಗಲಿಲ್ಲ. ನೀನಲ್ಲದೆ ನನಗೆ ಇನ್ಯಾರೂ ಇಲ್ಲ.

ಮೇಲಿನ ಮನೆಯ ಬಾಗಿಲ ಸದ್ದಾಯಿತು. ಬರುತ್ತಿದ್ದಾಳೆ.

ನಿನ್ನ
ಅಕ್ಕ

ಮತ್ತೆ: ಸೋಮವಾರ, ಬೆಳಗ್ಗೆ ಏಳು. ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ. ಚೀಟಿ ಬರೆಯುವಾಗ ಅವರು ನನ್ನ ಕೈ ಹಿಡಿಯಲಿಲ್ಲ, ಬೇಡಿಕೊಳ್ಳಲಿಲ್ಲ. ದಿನಕ್ಕೆ ಎಂಟು ಅಂತ ಬರ್ಕೊಳ್ಳಿ ಅತ್ತಿಗೆ, ಅವಳಿಗೆ ಇವತ್ತೇ ನಾನೇ ಹೇಳಿಬಿಡ್ತೀನಿ, ಸಾಕಾಯ್ತು ಎಂದರು. ಬೇಡವೆಂದವಳು ನಾನು. ಅವರು ಹೇಳಿದರೆ ನನ್ನ ಹೆಸರೂ ಹೊರಬರುತ್ತಿತ್ತು. ಅವಳು ನನ್ನ ಮುಖ ನೋಡುವುದಿಲ್ಲ, ದಯವಿಟ್ಟು ಸುಮ್ಮನಿರಿ ಎಂದು ಕೈ ಹಿಡಿದು ಬೇಡಿಕೊಂಡವಳು ನಾನು. ಆ ಮಾತಿಗೆ ಕಟ್ಟುಬಿದ್ದು ಅವರು ಇವತ್ತಿನ ತನಕ ಸುಮ್ಮನಿದ್ದಾರೆ. ನೀನು ನಿನ್ನನ್ನೇ ದೂರಿಕೊಳ್ಳುವಾಗ ಗೋಡೆಯ ಕಡೆ ತಿರುಗುವುದು ಅದಕ್ಕೇ. ಶನಿವಾರ ನೀನು ಔಷಧಿ ಅಂಗಡಿಗೆ ಹೋಗಿದ್ದಾಗ ಫೋನ್ ಮಾಡಿ, ಎಲ್ಲ ಬರೆಯುತ್ತೇನೆ ಎಂದು ಅವರಿಗೆ ತಿಳಿಸಿದೆ. ಬಹಳ ಹೊತ್ತು ಕೆಮ್ಮಿ, ಆಮೇಲೆ ಹೇಳಿದರು: "ನಾನೇ ಬೇಡ್ಕೊಂಡೆ ಅಂತ ಬರೀರಿ ಅತ್ತಿಗೆ. ನನ್ ಮೇಲೆ ಅವಳಿಗೆ ಎಷ್ಟು ದಿನ ಕೋಪ ಇರುತ್ತೆ? ನಿಮ್ ಜೊತೆ ಅವಳು ಇನ್ನೂ ತುಂಬಾ ವರ್ಷ ಇರ್ಬೇಕು." ನಾನು ಆಗಲಿ ಎಂದೆ, ಹಾಗೆಯೇ ಬರೆದೂ ಬಿಟ್ಟೆ. ನೀನು ಕೇಳಿದರೆ ಅವರು ಈಗಲೂ ಅದನ್ನೇ ಹೇಳುತ್ತಾರೆ. ನಂಬಬೇಡ.